ನೂರಕ್ಕೆ ಮೂರು

ವೆದರ್‌ಶಾ,
೧೩ ಮಾರ್ಚ್ ೨೦೦೩, ಗುರುವಾರ

ಪ್ರೀತಿಯ ಎಜ್ರಾ,

ನನ್ನ ಅಕ್ಷರ ನೆಟ್ಟಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ, ಸಿಟ್ಟಾಗಬೇಡ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟು ಅಪ್ಪನ ತಿಂಡಿಗಾಡಿಯ ಜೊತೆ ಊರೂರು ತಿರುಗಿದವಳು ನಾನು. ನಿನ್ನನ್ನಾದರೆ ಫುಟ್‌ಬಾಲ್ ಕ್ಲಬ್ಬಿನವರೇ ಕರೆದುಕೊಂಡು ಹೋಗಿ ಓದಿಸಿದರು, ಆಡಲೂ ಕಲಿಸಿದರು. ದಯವಿಟ್ಟು ಇದನ್ನು ಹೊಸ ತಂಡದ ಹುಡುಗರಿಗೆ ತೋರಿಸಬೇಡ.

ಭಾನುವಾರ ನೀನು ಫೋನಿನಲ್ಲಿ ಕೂಗಾಡಿದ್ದು ಅಮ್ಮನ ಪಕ್ಕ ನಿಂತಿದ್ದ ನನಗೂ ಕೇಳಿಸಿತು. ಕ್ಲಬ್ಬಿನಿಂದ ಎಂಟು ಸಾವಿರದ ಆರುನೂರು ಪೌಂಡ್ ಬರಬೇಕಾದವಳು ಇನ್ನೂರ ಐವತ್ತೆಂಟಕ್ಕೆ ಯಾಕೆ ಒಪ್ಪಿದಳು, ಅಂಥ ಕ್ಲಬ್ಬು ಮುಳುಗಿದರೆ ಮುಳುಗಲಿ ಎಂದು ಬಿಡಬಾರದಿತ್ತೇ ಎಂದು ನೀನು ಕೇಳಿದೆ. ನಮ್ಮ ಮನೆಯಲ್ಲಿ ಲೆಕ್ಕ ಬರುವವರು ಒಬ್ಬರೂ ಇಲ್ಲ ಎಂದೂ ಅಂದೆ. ಅಮ್ಮ ಫೋನಿಟ್ಟು ಆಲೂಗಡ್ಡೆ ಹೆಚ್ಚಲು ಕೂತಳು. ಏನೂ ಕೇಳಿಸದವಳ ಹಾಗೆ ಎಜ್ರಾ ಏನಂದ ಎಂದು ನಾನು ಕೇಳಿದ್ದಕ್ಕೆ, ಅಲ್ಲಿ ಇಲ್ಲಿಗಿಂತ ಚಳಿ ಕಮ್ಮಿಯಂತೆ ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಂದ ಹೇಳಲು ನನಗೆ ಆಗುವುದಿಲ್ಲ, ನಿನಗೆ ಗೊತ್ತು. ಬರೆದದ್ದು ಅಮ್ಮನಿಗೆ ತಿಳಿಯಬಾರದು.

ನೀನು ಜನವರಿಯಲ್ಲಿ ದಕ್ಷಿಣದ ತಂಡಕ್ಕೆ ಹೋದ ಮೇಲಿನದು ನಿನಗೆ ಅರ್ಧ ಮಾತ್ರ ಗೊತ್ತು. ಟಿವಿಯವರ ದುಡ್ಡು ಬಂದೇ ಬರುತ್ತದೆಂದು ನಂಬಿ ಅಧ್ಯಕ್ಷರು ಆಟಗಾರರನ್ನು ಕೊಂಡರು, ದುಡ್ಡು ಬರಲಿಲ್ಲ. ಆಟಗಾರರಾದ ನಿಮಗೆ ಅರ್ಧ ಸಂಬಳವಾದರೂ ಬರುತ್ತಿತ್ತು. ಅಮ್ಮನಿಗೆ ಸೆಪ್ಟೆಂಬರಿನಿಂದ ಒಂದು ಪೆನ್ನಿಯೂ ಬರಲಿಲ್ಲ. ಪಂದ್ಯವಿದ್ದಾಗಲೆಲ್ಲ ಕ್ಲಬ್ಬಿನವರು, ಹಿಟ್ಟಿನೊಳಗೆ ಮಾಂಸ ತುಂಬಿ ಅಮ್ಮ ಸುಡುತ್ತಿದ್ದ ಪೈಗಳನ್ನು ವ್ಯಾನಿಗೆ ತುಂಬಿಕೊಂಡು ಹೋಗಿ ಮೈದಾನದಲ್ಲಿ ಮಾರುತ್ತಿದ್ದರು, ದುಡ್ಡು ಮುಂದಿನ ತಿಂಗಳು ಎನ್ನುತ್ತಿದ್ದರು. ನಮ್ಮ ಹುಡುಗ ಆಡುವ ಕ್ಲಬ್ಬು, ಎಲ್ಲಿಗೆ ಓಡಿಹೋದೀತು ಎಂದು ಅಮ್ಮ ಮತ್ತೆ ಹಿಟ್ಟು ತರಿಸುತ್ತಿದ್ದಳು. ಹಿಟ್ಟು ಸಾಲ, ಮಾಂಸವೂ ಸಾಲ.

ಕಳೆದ ತಿಂಗಳು ಸಾಲ ಕೊಟ್ಟವರೆಲ್ಲರ ಸಭೆ ಕರೆದರು. ಮೈದಾನದ ಪ್ರೇಕ್ಷಕರ ಸ್ಟ್ಯಾಂಡಿನ ಕೆಳಗಿನ ಬಾರಿನಲ್ಲಿ, ನೀನು ಮೊದಲ ಸಲ ಬಿಯರ್ ಕುಡಿದು ವಾಂತಿ ಮಾಡಿಕೊಂಡ ಅದೇ ಬಾರು. ಕ್ಲಬ್ಬಿನ ದಿವಾಳಿ ನೋಡಿಕೊಳ್ಳಲು ನೇಮಕವಾದ ಟ್ರೆಂಚರ್ಡ್ ಎಂಬುವರು ಬಂದಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ನೆಗಡಿಯಾಗಿತ್ತು. ಲೀಗಿನ ನಿಯಮ ಹೀಗಿದೆ ಎಂದು ವಿವರಿಸಿದರು: ಆಟಗಾರರ ಸಂಬಳ, ಬೇರೆ ಕ್ಲಬ್ಬುಗಳ ಬಾಕಿ ಪೂರ್ತಿ ತೀರಬೇಕು, ತೀರದಿದ್ದರೆ ಲೀಗಿನಲ್ಲಿ ಜಾಗವಿಲ್ಲ. ಟಿಕೆಟ್ ಅಚ್ಚು ಹಾಕುವ ಮುದುಕ ಎದ್ದು ಹಾಗಾದರೆ ಉಳಿದವರಿಗೇನು ಎಂದು ಕೇಳಿದ. ಉಳಿದವರಿಗೆ ಉಳಿದದ್ದು ಎಂದರು ಟ್ರೆಂಚರ್ಡ್. ಲೆಕ್ಕ ಹಾಕಿದರೆ ಪೌಂಡಿಗೆ ಮೂರು ಪೆನ್ನಿ.

ಕಟುಕ ನಾರ್ಮನ್ ಕೂಡ ಬಂದಿದ್ದ. ಅವನಿಗೆ ಕ್ಲಬ್ಬಿನಿಂದ ಏನೂ ಬರಬೇಕಿಲ್ಲ, ಅಮ್ಮನಿಂದ ಬರಬೇಕು. ಅವನು ಎಲ್ಲರಿಗೂ ಕೇಳುವ ಹಾಗೆ, "ನೋಡು ವಿನ್ನಿ, ನಿನ್ ಮಗನ ಒಂದು ಎಡಗಾಲಿಗೆ ನೂರಕ್ಕೆ ನೂರಂತೆ. ನಿನ್ ಎರಡು ಕೈಗೂ ಸೇರಿ ನೂರಕ್ಕೆ ಮೂರಂತೆ," ಎಂದ. ಬಾರೆಲ್ಲ ನಕ್ಕಿತು. ಅಮ್ಮನೂ ನಕ್ಕಳು. ನಾನು ನನ್ನ ಬೂಟು ನೋಡುತ್ತ ಕೂತಿದ್ದೆ.

ಒಪ್ಪಿಗೆ ಕೇಳಲು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವ ಮೊದಲು ಚಹಾಕ್ಕೆ ಬಿಟ್ಟರು. ಆಗ ಅಮ್ಮ ಟ್ರೆಂಚರ್ಡ್ ಹತ್ತಿರ ಹೋಗಿ, ನಾವೆಲ್ಲ ಬೇಡ ಎಂದರೆ ಏನಾಗುತ್ತದೆ ಎಂದು ವಿಚಾರಿಸಿದಳು. ಕ್ಲಬ್ಬು ಮುಚ್ಚುತ್ತದೆ, ಲೀಗಿನಲ್ಲೇ ಇಲ್ಲದ ಮೇಲೆ ಲೀಗಿನ ನಿಯಮವೂ ಇಲ್ಲ, ಸಿಕ್ಕಿದ್ದನ್ನು ಮಾರಿ ಎಲ್ಲರಿಗೂ ಹಂಚುತ್ತೇವೆ ಎಂದರು.

"ಆಡೋ ಹುಡುಗ್ರಿಗೂ ಅಷ್ಟೇನಾ?" ಎಂದಳು ಅಮ್ಮ.

"ಅವರಿಗೂ ಪೂರ್ತಿ ಸಿಗಲ್ಲ ಮಿಸೆಸ್ ಲವ್‌ರಿಡ್ಜ್."

ಅಮ್ಮ ತಲೆಯಾಡಿಸಿದಳು. ತನ್ನ ಹೆಸರು ಬಂದಾಗ ಒಪ್ಪಿಗೆ ಎಂದಳು, ಅಷ್ಟೇ. ಅವಳಿಗೆ ಕ್ಲಬ್ಬಿನ ಮೇಲಿನ ಮೋಹವಲ್ಲ ಅದು, ಎಜ್ರಾ. ನಿನಗೆ ಬರಬೇಕಿದ್ದ ಒಂಬತ್ತು ಸಾವಿರ ಪೂರ್ತಿ ಬಂತಲ್ಲ, ಅದನ್ನೇ ಮುಂಗಡ ಕಟ್ಟಿ ನೀನೂ ಕಾರಿಸ್‌ಳೂ ಸ್ವಂತ ಮನೆ ಹಿಡಿದಿರಲ್ಲ. ಮಗು ಬರುವ ಹೊತ್ತಿಗೆ ಬಾಡಿಗೆ ಕೋಣೆಯಲ್ಲಿ ಇರಬಾರದು ಎಂದು ಅಮ್ಮ ಕ್ರಿಸ್‌ಮಸ್‌ನಿಂದ ಹೇಳುತ್ತಿದ್ದಳು. ಸಭೆಯಿಂದ ಬರುವಾಗ ಬಸ್ಸಿನಲ್ಲಿ, ಎಜ್ರಾನಿಗಾಗಿ ಒಪ್ಪಿದೆಯಾ ಎಂದು ನಾನು ಕೇಳಿಯೇಬಿಟ್ಟೆ. "ಅವನಿಗೆ ಹೇಳ್ಬೇಡ ಕಣೇ. ಅವನು ದುಡಿದಿದ್ದು ಅವನಿಗೆ ಬರುತ್ತೆ. ಅದರ ಮೇಲೆ ನನ್ನ ಋಣ ಯಾಕೆ ಹೇರೋದು?" ಎಂದಳು. ಆಮೇಲೆ ಮನೆ ಬರುವವರೆಗೂ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು.

ನೀನು ಕಳಿಸಿದ ಎರಡು ಸಾವಿರದ ಚೆಕ್ಕನ್ನು ಅವಳು ಬ್ಯಾಂಕಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ಜಂಬವಲ್ಲ. ಕ್ಲಬ್ಬಿನ ಬಾಕಿಯನ್ನು ಮಗ ಕಟ್ಟಿದರೆ ಕ್ಲಬ್ಬೇ ಕಟ್ಟಿದ ಹಾಗಾಗುತ್ತದೆ, ಅವರು ಹಾಯಾಗಿರುತ್ತಾರೆ ಎನ್ನುತ್ತಾಳೆ.

ನಾರ್ಮನ್ ಕೆಟ್ಟವನಲ್ಲ. ಮಾರನೇ ದಿನವೇ ಬಂದು ಅರ್ಧ ಕೊಟ್ಟರೆ ಸಾಕು, ಉಳಿದದ್ದು ಬಿಟ್ಟೆ ಎಂದ. ಅಮ್ಮ ಅವನಿಗೆ ಚಹಾ ಬಗ್ಗಿಸುತ್ತ, "ನಾನೇನು ಫುಟ್‌ಬಾಲ್ ಕ್ಲಬ್ಬಾ ನಾರ್ಮನ್, ಇಷ್ಟೇ ಇರೋದು ತಗೋ ಅನ್ನೋಕೆ?" ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ. ಅಂದಿನಿಂದ ಅಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಳೆ. ವಾರದ ಸಂಬಳದಲ್ಲಿ ನಾರ್ಮನ್‌ಗಿಷ್ಟು, ಹಿಟ್ಟಿನವನಿಗಿಷ್ಟು. ಬೆಳಿಗ್ಗೆ ಬಂದಾಗ ಕಾಲು ಊದಿರುತ್ತದೆ, ಬೂಟು ನಾನೇ ಎಳೆದು ತೆಗೆಯಬೇಕು. ಐವತ್ತೆಂಟು ವರ್ಷದವಳು.

ಇಷ್ಟೆಲ್ಲ ಮಾಡುತ್ತಿರುವುದು ಪೈ ಮಾಡುವ ಅಡುಗೆಮನೆ ಉಳಿಯಲಿ ಎಂದು. ಕಾಲುವೆ ದಂಡೆಯ ಆ ಶೆಡ್ಡಿನ ಎರಡು ತಿಂಗಳ ಬಾಡಿಗೆ ನಿಂತಿದೆ. ಈ ತಿಂಗಳ ಕೊನೆಗೆ ಕೊಡದಿದ್ದರೆ ಮಾಲೀಕ ಅದನ್ನು ಟೈರಿನವನಿಗೆ ಕೊಡುತ್ತಾನೆ. ಒಲೆಗಳು ಹೋದರೆ ಅಮ್ಮ ಇನ್ನು ಸಾಯುವವರೆಗೂ ಬೇರೆಯವರ ತಟ್ಟೆ ತೊಳೆಯುತ್ತಿರಬೇಕು. ಅವಳು ಹೀಗೆ ಹೇಳಿಲ್ಲ, ನನಗೇ ಕಾಣುತ್ತದೆ.

ಬಾಡಿಗೆಯನ್ನು ನೀನು ಕಟ್ಟು ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ನಾನು ಕೇಳಿದೆನೆಂದು ತಿಳಿದರೆ ಅವಳು ನನ್ನೊಡನೆ ಮಾತು ಬಿಡುತ್ತಾಳೆ. ಒಂದೇ ಒಂದು ಕೇಳುತ್ತೇನೆ. ಇನ್ನು ಫೋನಿನಲ್ಲಿ ಅವಳಿಗೆ ಬುದ್ಧಿ ಹೇಳಬೇಡ. ಪಂದ್ಯವಿಲ್ಲದ ಒಂದು ಭಾನುವಾರ ಕಾರಿಸ್‌ಳನ್ನು ಕರೆದುಕೊಂಡು ಬಾ, ಉಂಡು ಹೋಗು. ಸಭೆಯ ಮಾತು ತೆಗೆಯಬೇಡ. ಮನೆ ಹೇಗಿದೆ, ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಅವಳಿಗೆ ಹೇಳು. ಅವಳಿಗೆ ಅದನ್ನು ಕೇಳಬೇಕೆಂದು ಆಸೆ ಇದೆ, ಅವಳಾಗಿ ಕೇಳುವುದಿಲ್ಲ.

ನನಗೂ ಸಾಕಾಗಿದೆ. ಕೈ ನೋಯುತ್ತಿದೆ, ಇಷ್ಟು ಉದ್ದ ಎಂದೂ ಬರೆದಿಲ್ಲ.

ನಿನ್ನ ತಂಗಿ,
ಕೆಜಾಯ

ಶುಕ್ರವಾರ ಬೆಳಿಗ್ಗೆ. ನಿನ್ನೆಯೇ ಅಂಚೆಗೆ ಹಾಕಬೇಕೆಂದಿದ್ದೆ, ಆಗಲಿಲ್ಲ. ಸಂಜೆ, ಸಭೆಯ ನಂತರ ಕ್ಲಬ್ಬನ್ನು ಕೊಂಡ ಹೊಸ ಮಾಲೀಕರ ಕಡೆಯ ಒಬ್ಬ ಅಡುಗೆಮನೆಗೆ ಬಂದ. ಶನಿವಾರದ ಪಂದ್ಯಕ್ಕೆ ನಾನೂರು ಪೈ ಬೇಕು, ದುಡ್ಡು ಮೊದಲಿನಂತೆ ತಿಂಗಳ ಕೊನೆಗೆ ಎಂದ. ಅಮ್ಮ ಪಾಳಿಗೆ ಹೊರಟು ಕೋಟು ಹಾಕಿಕೊಳ್ಳುತ್ತಿದ್ದಳು. ಹೂಂ ಎನ್ನಲು ಅವಳ ಬಾಯಿ ತೆರೆಯುತ್ತಿದ್ದದ್ದು ನನಗೆ ಕಂಡಿತು. ದುಡ್ಡು ಮೊದಲು ಕೊಡಬೇಕು ಎಂದು ನಾನೇ ಹೇಳಿಬಿಟ್ಟೆ. ಯಾರು ಮಾತಾಡಿದ್ದು ಎಂದು ಅವನು ಸುತ್ತ ನೋಡಿದ.

"ಏನಮ್ಮ, ನಮ್ ಮೇಲೆ ನಂಬಿಕೆ ಇಲ್ವಾ?"

"ಅಮ್ಮನಿಗಿದೆ. ಒಂದು ಮನೇಲಿ ಒಬ್ರಿಗಿದ್ರೆ ಸಾಕು," ಎಂದೆ.

ಅವನು ಹೋದ. ಬಂದ ಕೆಲಸವನ್ನೂ ಕಳೆದೆ ಎಂದು ಬೈದು ಅಮ್ಮನೂ ಹೋದಳು. ನಾನು ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವನು ಮರಳಿ ಬಂದು ಇನ್ನೂರು ಪೈಗಾಗುವಷ್ಟು ನೋಟು ಮೇಜಿನ ಮೇಲಿಟ್ಟ. ಹಾಗಾಗಿ ಇನ್ನೂರೇ ಮಾಡುತ್ತೇನೆ. ಬಾಡಿಗೆಗೆ ಸಾಲದು, ಮಾಂಸವಂತೂ ಈ ಸಲ ಸಾಲವಲ್ಲ. ಅಮ್ಮ ಈಗಷ್ಟೇ ಪಾಳಿಯಿಂದ ಬಂದು ಇಲ್ಲೇ ಅಡುಗೆಮನೆಯ ಕುರ್ಚಿಯಲ್ಲಿ ಮಲಗಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ. ಅವಳ ಬೂಟು ತೆಗೆದು, ಒಲೆ ಹಚ್ಚಿದೆ. ಎಬ್ಬಿಸಲಿಲ್ಲ.