ಬಾಗಿಲಲ್ಲಿ ನಿಂತ ಬೊಂಬೆ

ಮೈದುನನಿಗೆ ಅತ್ತಿಗೆಯ ಆಶೀರ್ವಾದ. ದೇವರು ನಿನ್ನ ಬೆರಳುಗಳನ್ನು ಚೆನ್ನಾಗಿಟ್ಟಿರಲಿ.

ನಾವೆಲ್ಲ ಒಟ್ಟಿಗಿದ್ದ ಬಾಡಿಗೆ ಮನೆಯನ್ನು ಆಟದ ಇಟ್ಟಿಗೆಗಳಲ್ಲಿ ಎಷ್ಟು ಚೆನ್ನಾಗಿ ಕಟ್ಟಿ ಕಳಿಸಿದ್ದೀಯಪ್ಪ! ಸೋರುವ ನಲ್ಲಿಯ ತುದಿಗೆ ಗಾಜಿನಂಥ ಒಂದು ಹನಿ, ಹಗ್ಗದ ಮೇಲೆ ನಾನು ತಲೆಕೆಳಗಾಗಿ ಒಣಹಾಕುತ್ತಿದ್ದ ಅಂಗಿ, ಯಾವುದನ್ನೂ ಮರೆತಿಲ್ಲ ನೀನು. "ಮೀಸೆ ನರೆತ್ರೂ ಆಟ ಬಿಡ್ಲಿಲ್ವಲ್ಲೋ" ಎಂದು ನಿನ್ನನ್ನು ರೇಗಿಸುತ್ತಿದ್ದ ನಿಮ್ಮಣ್ಣ ಇದನ್ನು ನೋಡಬೇಕಿತ್ತು. ಸಂಜೆ ಬೆಳಕಿನಲ್ಲಿ ಅದರ ಕಿಟಕಿಗೆ ಕಣ್ಣಿಟ್ಟರೆ ನಾನೇ ಒಳಗಿದ್ದೇನೆ ಅನ್ನಿಸಿ, ಒಲೆ ಆರಿಸಿದೆನೋ ಇಲ್ಲವೋ ಎಂದು ಗಾಬರಿಯಾಗುತ್ತದೆ.

ಪ್ರದರ್ಶನಕ್ಕೆ ಒಯ್ಯುವ ಮೊದಲು ಕೇಳಿದ್ದೀಯ, ಬಾಗಿಲಲ್ಲಿ ನಿಲ್ಲಿಸಿದ ಅಣ್ಣನ ಬೊಂಬೆಯ ಮುಖ ಬೀದಿ ಕಡೆಗಿರಲೋ, ಮನೆ ಕಡೆಗಿರಲೋ ಎಂದು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹೊರಟು ನಿಂತಂತೆ ಕಂಡರೆ ನನಗೆ ನೋವಾದೀತೆಂದು ನಿನ್ನ ಅಳುಕು. ನಾನೂ ಮೊದಲು ಒಳಕ್ಕೇ ತಿರುಗಿಸಿಟ್ಟೆ. ದೇವರನ್ನೂ ಕೇಳಿದೆ, ಇಂಥದಕ್ಕೆಲ್ಲ ಬಾಯಿ ಬಿಡುವವನಲ್ಲ ಅವನು.

ಬೀದಿ ಕಡೆಗೇ ಇರಲಿ ಬಿಡು. ಕೆಲಸಕ್ಕೆ ಹೊರಡುವಾಗ ಅವರು ಒಂದು ದಿನವೂ "ಹೋಗ್ತೀನಿ" ಅಂದವರಲ್ಲ. "ಬರ್ತೀನಿ ಕಣೇ" ಅಂತಲೇ ಅನ್ನುತ್ತಿದ್ದುದು.

ಒಳ್ಳೆಯದಾಗಲಿ.
ನಿನ್ನ ಅತ್ತಿಗೆ