ಮೀರಾಸಾಬ ವಕೀಲರು ಸಹಿ ಮಾಡಲಿಲ್ಲ

ಕಲಘಟಗಿ
ಶನಿವಾರ, ೧೪ ಡಿಸೆಂಬರ್ ೨೦೨೪

ನನ್ನ ಸುನಿತಾ,

ನಿನಗೂ ನಿನ್ನ ತೊಡೆಯ ಮೇಲಿನ ಕೂಸಿಗೂ ಅವ್ವನ ಆಶೀರ್ವಾದ. ನೀನು ಫೋನ್ ಮಾಡಿದಾಗೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತಿದ್ದೇನೆ. ಹಾಲೂ ಇಲ್ಲ, ಏನೂ ಇಲ್ಲ. ನಿನ್ನ ದನಿ ಕೇಳಿದರೆ ಬಾಯಿಗೆ ಏನು ಬಂದುಬಿಡುತ್ತದೋ ಎಂಬ ಹೆದರಿಕೆ. ಅದಕ್ಕೇ ಈ ಕಾಗದ. ನಿಮ್ಮಪ್ಪ ಎದುರಿಗೇ ಕುಳಿತಿದ್ದಾರೆ, ತಾವು ಓದಿ ನೋಡಿದ ಮೇಲೆಯೇ ಕಳಿಸಬೇಕಂತೆ. ನಾಳೆ ಪಕ್ಕದ ಮನೆಯ ಅಮೀರಬಿ ಅಳ್ನಾವರಕ್ಕೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ತೊಟ್ಟಿಲು ತರುತ್ತಿದ್ದ ಗಾಡಿ ಕೆಟ್ಟು ನಿಂತಿದೆ ಎಂದು ಅಳಿಯಂದಿರು ನಿನಗೆ ಹೇಳಿದರಲ್ಲ, ಅದು ಸುಳ್ಳು. ಗಾಡಿ ಪೊಲೀಸ್ ಠಾಣೆಯಲ್ಲಿದೆ. ಬುಧವಾರ ಸಂಜೆ ಅವರೂ ನಿಮ್ಮಪ್ಪನೂ ತೊಟ್ಟಿಲು ಹೇರಿಕೊಂಡು ಹೊರಟರು. ದಾರಿಯಲ್ಲಿ ಪೊಲೀಸರು ತಡೆದು, ಯಂತ್ರ ಊದಿಸಿ, ಕುಡಿದು ಗಾಡಿ ಓಡಿಸಿದ್ದಕ್ಕೆ ನಿಮ್ಮಪ್ಪನನ್ನು ಹಿಡಿದರು. ಹೌದು, ಲಿಂಗಪೂಜೆ ಮುಗಿಯದೆ ಚಹಾ ಕೂಡ ಮುಟ್ಟದ ನಿಮ್ಮಪ್ಪನನ್ನೇ. ಈಗ ಜಾಮೀನಿನ ಮೇಲೆ ಮನೆಗೆ ಬಂದಿದ್ದಾರೆ. ಖಾಲಿ ತೊಟ್ಟಿಲು ಕಳಿಸಬಾರದೆಂದು ನಾನು ಒಳಗೆ ಗುಂಡಕಲ್ಲು ಮಲಗಿಸಿ ಕುಂಚಿಗೆ ಹೊದಿಸಿದ್ದೆ. ಪೊಲೀಸರು ಅದನ್ನು ಕೂಸೆಂದು ತಿಳಿದು ಗಾಬರಿಯಾದರಂತೆ. ನಗು ಬಂದರೆ ನಗು, ನನಗಂತೂ ಬರಲಿಲ್ಲ.

ನಮ್ಮ ಸುಭಾಸ, ಈಗಷ್ಟೇ ವಕೀಲನಾಗಿ ಕರಿ ಕೋಟು ಹಾಕಿದವನು, "ತಪ್ಪು ಒಪ್ಕೊಂಡು ದಂಡ ಕಟ್ಟಿದ್ರ ಮುಗೀತ್ರಿ ಕಾಕಾ" ಅಂದ. ನಿಮ್ಮಪ್ಪ ಹೂಂ ಎಂದು ತಲೆಯಾಡಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಈ ವಯಸ್ಸಿನಲ್ಲಿ ಕೋರ್ಟಿನಲ್ಲಿ ಕುಡುಕ ಅನ್ನಿಸಿಕೊಂಡು ಬರಬೇಕೇ? ಇಂಥ ಕೇಸುಗಳಲ್ಲೇ ತಲೆ ನೆರೆತ ಮೀರಾಸಾಬ ವಕೀಲರ ಹತ್ತಿರ ಎಳೆದುಕೊಂಡು ಹೋದೆ.

ಅವರು ಕಾಗದಪತ್ರ ಬಿಚ್ಚಲೇ ಇಲ್ಲ. "ಹೊಳೆಪ್ಪನವರ, ಏನ್ ಕುಡದಿದ್ರಿ?" ಎಂದು ಕೇಳಿದರು. ನಿಮ್ಮಪ್ಪ ನನ್ನ ಮುಖ ನೋಡಿ, "ಕೆಂಪಂದು ಇತ್ರಿ" ಎಂದರು. ನೀರು ಹಾಕಿಕೊಂಡಿರೋ ಸೋಡಾನೋ ಎಂದರೆ, "ಏನೂ ಇಲ್ರಿ, ಹಂಗ." ವಕೀಲರು ಕನ್ನಡಕ ತೆಗೆದಿಟ್ಟರು. "ಈ ಕೋಟು ಮಾಸೂತನಾ ಕುಡದವ್ರ ಕೇಸ್ ನಡಸೇನ್ರಿ. ಕುಡಿಯಾವ್ರು ಯಾರು, ಕುಡದೇನಿ ಅನ್ನಾವ್ರು ಯಾರು, ನನಗ ಗೊತ್ತಾಗತೈತಿ. ಖರೇ ಹೇಳ್ರಿ, ಆಮ್ಯಾಲೆ ವಕಾಲತ್ತಿಗೆ ಸಹಿ ಮಾಡ್ತೀನಿ" ಎಂದು ಫೈಲು ತಿರುಗಿ ಕೊಟ್ಟರು.

ಅಂದಿನಿಂದ ನಿಮ್ಮಪ್ಪ ಅಂಗಳದಲ್ಲಿ ಸುಮ್ಮನೆ ಸುತ್ತುತ್ತಾರೆ. ನಾನು ಒಂದೇ ಅಕ್ಕಿಯನ್ನು ಮತ್ತೆ ಮತ್ತೆ ಆರಿಸುತ್ತೇನೆ. ನೀನು ಚಿಂತೆ ಮಾಡಬೇಡ, ಎದೆಹಾಲು ಬತ್ತೀತು.

ನಿನ್ನ ಅವ್ವ,
ಸುಶೀಲವ್ವ

ತಾ.ಕ.: ನಿಮ್ಮಪ್ಪ ಓದಿ, ಸರಿಯಾಗಿದೆ ಎಂದು ಜಳಕಕ್ಕೆ ಹೋದರು. ಇಲ್ಲಿಂದ ಮುಂದಿನದನ್ನು ಅವರು ನೋಡಿಲ್ಲ. ಗಾಡಿ ಓಡಿಸುತ್ತಿದ್ದವರು ನಿನ್ನ ಗಂಡ. ದೂರದಲ್ಲಿ ಪೊಲೀಸರನ್ನು ಕಂಡು ಗಾಡಿ ನಿಲ್ಲಿಸಿ, ಶಾಲೆಯ ಬಸ್ಸು ಓಡಿಸುವ ನೌಕರಿ ಹೋಗುತ್ತದೆ ಎಂದು ನಿಮ್ಮಪ್ಪನ ಕಾಲು ಹಿಡಿದರಂತೆ. ಅಳಿಯ ಕಾಲು ಹಿಡಿದ ಮೇಲೆ ಇವರಿಗೆ ಬುದ್ಧಿ ಎಲ್ಲಿ ಉಳಿಯುತ್ತದೆ? ಜಾಗ ಬದಲಿಸಿದರು. ಗಾಡಿ ತುಂಬ ವಾಸನೆ. ತಾವು ಊದಿದಾಗ ಏನೂ ಬರದಿದ್ದರೆ ಪಕ್ಕದವರನ್ನು ಊದಿಸುತ್ತಾರೆಂದು, ಅಳಿಯ ಕುಡಿದು ಬಿಟ್ಟಿದ್ದ ಬಾಟಲಿಯನ್ನು ನಿಮ್ಮಪ್ಪ ಮೂಗು ಮುಚ್ಚಿಕೊಂಡು ಗಟಗಟ ಕುಡಿದರು. ಮನೆಗೆ ಬಂದು ಕೊರಳಿನ ಲಿಂಗ ಹಿಡಿದುಕೊಂಡು ಅತ್ತರು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡರು.

ಆ ಆಣೆ ಈಗ ಮುರಿದೆ. ಸೋಮವಾರ ನಾನೊಬ್ಬಳೇ ಹೋಗಿ ವಕೀಲರಿಗೆ ಎಲ್ಲ ಹೇಳುತ್ತೇನೆ. ನಿನ್ನ ಸಂಸಾರ ಏನಾಗುತ್ತದೋ ನನಗೆ ತಿಳಿಯದು. ಆದರೆ ಅದೇ ಬೆಳಗ್ಗೆ ನಿನ್ನ ಗಂಡ ಬಸ್ಸಿನ ತುಂಬ ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಾರೆ. ಹೊರಡುವ ಮೊದಲು ಹತ್ತಿರ ಹೋಗಿ ಅವರ ಬಾಯಿ ಮೂಸಿ ನೋಡು, ಮಗಳೇ.