ನಾಹುಯೆಲ್‌ನ ಸರದಿ

ಆಗಸ್ಟ್ 14, ಬ್ಯೂನಸ್ ಐರಿಸ್

ಆ ದನಿ ಕಿವಿ ಬಿಟ್ಟು ಹೋಗುತ್ತಿಲ್ಲ.

ಗಿಟಾರಿಸ್ಟ್ ನಾಹುಯೆಲ್ ಸತ್ತ ಮೇಲೆ ಬ್ಯಾಂಡಿನ ಹೊಸ ಆಲ್ಬಮ್ಮಿನ ಕೊನೆಯ ಹಾಡು ನಿಂತೇ ಹೋಗಿತ್ತು. ಬ್ಯಾಂಡಿನ ಹಾಡುಗಾರ್ತಿ, ಅವನ ಅಕ್ಕ ಗ್ರಿಸೆಲ್ಡಾ ಅದನ್ನು ಹಾಡಲು ಒಪ್ಪಿರಲಿಲ್ಲ. ಒಂದೇ ಸೋರೆಬುರುಡೆಯಿಂದ ಎಲ್ಲರೂ ಸರದಿಯಲ್ಲಿ ಹೀರುವ ಎಲೆಕಷಾಯ ಮಾಟೆ ಕುಡಿಯುವಾಗ ಮಾತ್ರ ಅವನ ಸರದಿಗೂ ಬಿಸಿನೀರು ಹುಯ್ದು ಬುರುಡೆಯನ್ನು ಅವನ ಖಾಲಿ ಕುರ್ಚಿಯ ಮುಂದಿಡುತ್ತಿದ್ದಳು.

ಇವತ್ತು ಡ್ರಮ್ಮರ್, ಅಭಿಮಾನಿಗಳ ಫೋರಂನಲ್ಲಿ ಬ್ಯಾಂಡಿನ ಬಗ್ಗೆ ಬರೆಯುವ ನನ್ನನ್ನೂ ಸ್ಟುಡಿಯೋ ಒಳಗೆ ಬಿಟ್ಟ. "ಏನೋ ಫೋರಂ ಪಂಡಿತ, ಕೆಮ್ಮಿದ್ರೂ ಆಚೆ ಹಾಕ್ತೀನಿ!"

ಗ್ರಿಸೆಲ್ಡಾ ಬಿಸಿನೀರು ಹುಯ್ದು ನನ್ನ ಪಕ್ಕದ ಖಾಲಿ ಕುರ್ಚಿಯ ಮುಂದೆ ಬುರುಡೆ ಇಟ್ಟಳು. ಟೇಪ್ ತಿರುಗುತ್ತಲೇ ಇತ್ತು, ಯಾರೂ ಮಾತಾಡಲಿಲ್ಲ. ಆಮೇಲೆ ಹಾಕಿ ಕೇಳಿದರೆ ನಾಹುಯೆಲ್‌ನ ದನಿ: "ಥ್ಯಾಂಕ್ಸ್ ಕಣೇ ಅಕ್ಕ."

ಇಲ್ಲಿ ಥ್ಯಾಂಕ್ಸ್ ಅನ್ನುವುದು ಮಾಟೆ ಸಾಕಾದಾಗಷ್ಟೇ ಹೇಳುವ ಮಾತು.

"ಸಾಕಂತೆ ಅವನಿಗೆ" ಎಂದು ಗ್ರಿಸೆಲ್ಡಾ ಬುರುಡೆ ಎತ್ತಿದಳು. ಒಳಗೆ ಒಂದು ಹನಿ ನೀರೂ ಇರಲಿಲ್ಲ. ಎದ್ದು ಒಂದೇ ಸಲಕ್ಕೆ ಹಾಡಿ ಮುಗಿಸಿದಳು.

ಫೋರಂನಲ್ಲಿ ಇದನ್ನೆಲ್ಲ ಬರೆದೆ, ಅಳಿಸಿದೆ. ಟೇಪ್ ತಿರುಗುತ್ತಿದ್ದಾಗಲೇ ಪಕ್ಕದ ಖಾಲಿ ಕುರ್ಚಿಯಿಂದ ಹೀರುವ ಸದ್ದು ನನಗೆ ಕೇಳಿಸಿತ್ತು, ಅದನ್ನು ಅವಳಿಗೆ ಹೇಳಲೇ ಇಲ್ಲ.